ಅಳಿವೆಯ ಊರು ಹೊನ್ನಾವರ

ಹೊನ್ನಾವರದ ಮೀನುಪೇಟೆಯಲ್ಲಿ ಬಳಚಿನ ಬುಟ್ಟಿಯ ಮುಂದೆ ಕುಳಿತಿದ್ದ ಹಿರಿಯ ಹೆಂಗಸೊಬ್ಬರು ಒಂದು ಪಾಲಿನ ಬೆಲೆಯನ್ನು ಐದೇ ನಿಮಿಷದಲ್ಲಿ ಮೂರು ಭಾಷೆಗಳಲ್ಲಿ ಹೇಳಿದ್ದನ್ನು ಮೊನ್ನೆ ಕೇಳಿಸಿಕೊಂಡೆ. ಕೊರಳಲ್ಲಿ ಶಿಲುಬೆಯಿದ್ದ ಅಮ್ಮನಿಗೆ ‘ಶಂಬರ’, ಬುರ್ಖಾ ತೊಟ್ಟ ತರುಣಿಗೆ ‘ಸೌ’, ಪಕ್ಕದಲ್ಲಿ ನಿಂತಿದ್ದ ಗೌಡರಿಗೆ ‘ನೂರು’. ಬೆಲೆ ಮಾತ್ರ ಯಾವ ಭಾಷೆಯಲ್ಲೂ ಒಂದು ರೂಪಾಯಿ ಇಳಿಯಲಿಲ್ಲ. ನನ್ನ ಕಡೆ ನೋಡಿ, ‘ನಿಮ್ಗೆ ಬೇಡ ಬಿಡಿ ಭಟ್ರೇ’ ಎಂದು ನಕ್ಕರು. ಹೊಳೆಯ ಉಸುಕಿನಿಂದ ಹೆಕ್ಕಿ ತರುವ ಈ ಚಿಪ್ಪಿಗೆ ಕನ್ನಡದವರು ಬಳಚು ಎನ್ನುತ್ತಾರೆ, ಕೊಂಕಣಿಯವರು ತಿಸ್ರೆ ಎನ್ನುತ್ತಾರೆ. ನಮ್ಮ ಹವ್ಯಕರ ಮನೆಗಳಲ್ಲಿ ಅದರ ಹೆಸರೆತ್ತುವ ಪ್ರಸಂಗವೇ ಬರುವುದಿಲ್ಲ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಶರಾವತಿ ಹೊಳೆ ಸಮುದ್ರ ಸೇರುವ ಈ ಸಣ್ಣ ಊರಿನಲ್ಲಿ ಯಾರು ಎಲ್ಲಿ ನೆಲೆಸಬೇಕೆಂಬುದನ್ನು ಹೊಳೆಯೇ ಗೊತ್ತುಮಾಡಿದಂತಿದೆ. ಅಳಿವೆಯ ಬಳಿ, ಕಾಸರಕೋಡಿನ ಟೊಂಕದ ಉಸುಕಿನ ಮೇಲೆ ಮೀನುಗಾರರ ಮನೆಗಳಿವೆ. ಪೇಟೆಯಲ್ಲಿ ಗೌಡ ಸಾರಸ್ವತರ ಅಂಗಡಿಗಳೂ ಕ್ರೈಸ್ತರ ಇಗರ್ಜಿಯೂ ಇವೆ. ಹೊಳೆಯಗುಂಟ ಮೇಲಕ್ಕೆ ಹೋದರೆ ಉಪ್ಪೋಣಿ, ವಲ್ಕಿಯಂಥ ನವಾಯತ ಮುಸ್ಲಿಮರ ಊರುಗಳು ಸಿಗುತ್ತವೆ. ಗದ್ದೆಬಯಲುಗಳಲ್ಲಿ ಹಾಲಕ್ಕಿ ಒಕ್ಕಲಿಗರೂ ನಾಮಧಾರಿಗಳೂ ಇದ್ದಾರೆ. ಘಟ್ಟದ ಬುಡದ ಅಡಿಕೆ ತೋಟಗಳಲ್ಲಿ ನಮ್ಮವರು ಇದ್ದೇವೆ. ಹೀಗೆ ಬೇರೆಬೇರೆಯಾಗಿ ಕುಳಿತವರನ್ನು ಒಂದೆಡೆ ಸೇರಿಸುತ್ತಿದ್ದುದೂ ಅದೇ ಹೊಳೆ. ಘಟ್ಟದ ಮೆಣಸು ದೋಣಿಯಲ್ಲಿ ಇಳಿದು ಬರುತ್ತಿತ್ತು. ಕೆಳಗಿನ ಉಪ್ಪೂ ಒಣಮೀನೂ ಮೇಲಕ್ಕೆ ಹೋಗುತ್ತಿದ್ದವು.

ಹೊರಗಿನಿಂದ ಬಂದವರು ಈ ಊರಿನ ವಿಚಾರದಲ್ಲಿ ಸಾಮಾನ್ಯವಾಗಿ ತಪ್ಪು ತಿಳಿಯುವುದು ಒಂದೇ ಕಡೆ. ಧರ್ಮ ಬೇರೆಯಾದಲ್ಲೆಲ್ಲ ಭಾಷೆಯೂ ಬೇರೆಯಾಗಿರುತ್ತದೆಂದು ಅವರು ಎಣಿಸುತ್ತಾರೆ. ಇಲ್ಲಿ ಸಾರಸ್ವತರ ಮನೆಮಾತೂ ಕೊಂಕಣಿ, ಮೀನು ಹಿಡಿಯುವ ಖಾರ್ವಿಯವರದೂ ಕೊಂಕಣಿ, ಕ್ರೈಸ್ತರದೂ ಕೊಂಕಣಿ. ನವಾಯತರು ಮನೆಯಲ್ಲಿ ಆಡುವ ನವಾಯತಿಯೂ ಅದಕ್ಕೆ ತೀರ ಹತ್ತಿರದ್ದೇ. ಅರಬ್ಬಿ, ಫಾರ್ಸಿ ಪದಗಳು ಹೆಚ್ಚಾಗಿವೆ, ಬರೆಯುವ ಲಿಪಿ ಬೇರೆ, ಅಷ್ಟೇ. ಅತ್ತ, ಒಂದೇ ಕನ್ನಡವನ್ನು ಆಡುವವರೆಂದು ಜನಗಣತಿ ಒಟ್ಟಿಗೆ ಎಣಿಸುವ ಹವ್ಯಕರ ಮಾತಿಗೂ ಹಾಲಕ್ಕಿಗಳ ಮಾತಿಗೂ ಎಷ್ಟು ಅಂತರವಿದೆಯೆಂದರೆ, ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಹಾಲಕ್ಕಿ ಅಜ್ಜಿಯೊಬ್ಬಳ ಮಾತನ್ನು ಬೆಂಗಳೂರಿನ ನೆಂಟರಿಗೆ ನಾನು ಬಿಡಿಸಿ ಹೇಳಬೇಕಾಗುತ್ತಿತ್ತು. ಬಿಡಿಸಿ ಹೇಳುವ ನನ್ನ ಕನ್ನಡವೂ ಅವರಿಗೆ ಅರ್ಧಂಬರ್ಧವೇ ಆಗುತ್ತಿತ್ತೆಂಬುದು ಬೇರೆ ಮಾತು.

ಈ ಕಲಬೆರಕೆ ನಿನ್ನೆ ಮೊನ್ನೆಯದಲ್ಲ. 14ನೆಯ ಶತಮಾನದ ನಡುವಿನಲ್ಲಿ ಇಲ್ಲಿಗೆ ಬಂದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ, ‘ಹಿನೌರ್’ ಎಂದು ತಾನು ಕರೆದ ಈ ಊರಿನಲ್ಲಿ ಹುಡುಗರಿಗೆ 23 ಶಾಲೆಗಳನ್ನೂ ಹುಡುಗಿಯರಿಗೆ 13 ಶಾಲೆಗಳನ್ನೂ ಕಂಡೆನೆಂದು ಬರೆದಿದ್ದಾನೆ. ಹೊಲಿಯದ ಒಂದೇ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಉಳಿದುದನ್ನು ತಲೆ ಎದೆಗಳ ಮೇಲೆ ಹೊದೆಯುವ, ಮೂಗಿಗೆ ಚಿನ್ನದ ಉಂಗುರ ಧರಿಸುವ, ಕುರಾನನ್ನು ಬಾಯಿಪಾಠ ಮಾಡಿಕೊಂಡ ಇಲ್ಲಿನ ಮುಸ್ಲಿಂ ಹೆಂಗಸರನ್ನು ಅವನು ವಿಶೇಷವಾಗಿ ನೆನೆಯುತ್ತಾನೆ. ಇಲ್ಲಿನ ಸುಲ್ತಾನ ‘ಹರ್ಯಬ್’ ಎಂಬ ರಾಜನಿಗೆ (ವಿಜಯನಗರದ ಹರಿಹರನಿರಬೇಕು) ಅಧೀನನಾಗಿದ್ದನೆಂದೂ, ಅವನ ಊಟದಲ್ಲಿ ತಾಮ್ರದ ಹರಿವಾಣಕ್ಕೆ ಅನ್ನ, ಅದರ ಮೇಲೆ ತುಪ್ಪ, ಬದಿಗೆ ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ ಬೀಳುತ್ತಿದ್ದವೆಂದೂ ಅವನೇ ಹೇಳುತ್ತಾನೆ. ಮಾಂಸದ ಬಗೆಗಳನ್ನು ಬಿಟ್ಟರೆ ಇದು ನನ್ನ ಅಜ್ಜಿ ಬಡಿಸುತ್ತಿದ್ದ ಊಟವೇ.

ಮೆಣಸಿದ್ದಲ್ಲಿಗೆ ಪೋರ್ಚುಗೀಸರು ಬಾರದೆ ಇರುತ್ತಾರೆಯೇ? 1510ರಲ್ಲಿ ಗೋವೆಯನ್ನು ಹಿಡಿಯಲು ಆಲ್ಬುಕರ್ಕನಿಗೆ ನೆರವಾದ ತಿಮ್ಮೋಜ ಈ ಹೊನ್ನಾವರದ ಕಡಲಿನವನು. 1569ರಲ್ಲಿ ಪೋರ್ಚುಗೀಸರೇ ಬಂದು ಊರಿನ ಕೋಟೆಯನ್ನು ಹಿಡಿದರು. ಆ ಹೊತ್ತಿಗೆ ಹೊಳೆಯ ಮೇಲ್ಭಾಗದ ಗೇರುಸೊಪ್ಪೆಯಲ್ಲಿ ಮೆಣಸಿನ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದವಳು ಜೈನ ರಾಣಿ ಚೆನ್ನಭೈರಾದೇವಿ. ಅವಳ ಪಟ್ಟಣ ಇಂದು ಕಾಡಿನೊಳಗೆ ಸೇರಿಹೋಗಿದೆ. ಚತುರ್ಮುಖ ಬಸದಿಯೊಂದು ನಾಲ್ಕೂ ದಿಕ್ಕಿಗೆ ಬಾಗಿಲು ತೆರೆದು ನಿಂತಿದೆ.

ಊರನ್ನು ಬರೀ ಹೊಗಳಿ ಬಿಡುವುದೂ ಸರಿಯಲ್ಲ. 2017ರ ಡಿಸೆಂಬರಿನಲ್ಲಿ ಇಲ್ಲಿ ಕೋಮುಗಲಭೆ ನಡೆದಾಗ, ಮೂರು ಭಾಷೆ ಬಲ್ಲ ಪೇಟೆ ಬಾಗಿಲು ಹಾಕಿಕೊಂಡು ಮೌನವಾಗಿತ್ತು. ಮತ್ತೊಬ್ಬರ ಭಾಷೆ ಬರುವುದೂ ಅವರನ್ನು ನಂಬುವುದೂ ಒಂದೇ ಅಲ್ಲವೆಂಬುದು ನನಗೆ ಆಗ ಗೊತ್ತಾಯಿತು. ಜನ ಒಬ್ಬರನ್ನೊಬ್ಬರು ಕಾಣುವ ಸಂದರ್ಭಗಳೂ ಕಡಿಮೆಯಾಗಿವೆ. ಹೆದ್ದಾರಿಯ ಸೇತುವೆಯೂ ಎರಡು ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲ್ವೆಯ ಸೇತುವೆಯೂ ಆದ ಮೇಲೆ ದೋಣಿಯ ಹಲಗೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವ ಪ್ರಯಾಣ ಅಪರೂಪವಾಯಿತು. ನಮ್ಮ ಅಡಿಕೆ ಈಗ ಲಾರಿಯಲ್ಲಿ ಹೋಗುತ್ತದೆ.

ಅಳಿವೆಯಲ್ಲಿ ಮಾತ್ರ ಇನ್ನೂ ಹೊಳೆಯದೇ ಕಾನೂನು. ಹೂಳು ತುಂಬಿದ ಬಾಯಲ್ಲಿ ದೋಣಿಯ ತಳ ನೆಲ ಕಚ್ಚುತ್ತದೆಂದು ಮೀನುದೋಣಿಗಳು ಭರತಕ್ಕಾಗಿ ಸಾಲಾಗಿ ಕಾಯುತ್ತವೆ. ಅಂದು ಸಂಜೆ ದಂಡೆಯಲ್ಲಿ ಅರ್ಧ ಗಂಟೆ ಕುಳಿತೆ. ಮುಂದಿನ ದೋಣಿಯವನು ಕೊಂಕಣಿಯಲ್ಲಿ ಏನೋ ಕೂಗಿದ, ಹಿಂದಿನವನು ಕನ್ನಡದಲ್ಲಿ ಬೈದ, ಇಬ್ಬರೂ ನಕ್ಕರು. ನೀರು ಏರಿದ ಮೇಲೆ ಒಂದರ ಹಿಂದೊಂದು ಒಳಗೆ ಬಂದವು.