ಮಸಿ ಬಳಿದುಕೊಂಡು ನಗಿಸಿದವನು

ನ್ಯೂಯಾರ್ಕ್‌ಗೆ ಬಂದ ನೆಂಟರನ್ನೆಲ್ಲ ನಾವು ಟೈಮ್ಸ್ ಸ್ಕ್ವೇರ್‌ಗೆ ಕರೆದೊಯ್ದು ಫೋಟೊ ತೆಗೆಸುತ್ತೇವೆ. ನಾನು ಜೊತೆಗೆ ಹಳೆಯ ಕಾಲದ ಹಾಸ್ಯನಟ ಬರ್ಟ್ ವಿಲಿಯಮ್ಸ್ ಕತೆಯನ್ನೂ ಹೇಳುತ್ತೇನೆ. ಅವರು ಕೇಳದಿದ್ದರೂ!

ಆತ ಹುಟ್ಟಿದ್ದು 1874ರಲ್ಲಿ, ಬಹಾಮಾಸ್‌ನ ನಸ್ಸೌನಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಆಗ ಇಲ್ಲಿ ವಾಡೆವಿಲ್ ಕಾಲ. ಕಂಪನಿ ನಾಟಕದ ಹಾಗೆ ಒಂದೇ ಕತೆ ಇರುತ್ತಿರಲಿಲ್ಲ. ಹಾಡು, ಕುಣಿತ, ದೊಂಬರಾಟ, ಹಾಸ್ಯ ಒಂದರ ಹಿಂದೊಂದು ಬರುತ್ತಿದ್ದವು. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾರ್ಜ್ ವಾಕರ್ ಎಂಬ ಕಪ್ಪು ಕಲಾವಿದ ಸಿಕ್ಕಿದ, ಜೋಡಿಯಾಯಿತು.

ಬರ್ಟ್ ಕಪ್ಪು ಜನಾಂಗದವನಾದರೂ ಮೈಬಣ್ಣ ತಿಳಿ. ಆದರೂ ಸುಟ್ಟ ಬೆಂಡಿನ ಮಸಿ ಬಳಿದುಕೊಂಡೇ ರಂಗಕ್ಕೆ ಬರಬೇಕು! ಬಿಳಿಯರು ಕರಿಯರನ್ನು ಅಣಕಿಸಲು ಮಾಡಿಕೊಂಡಿದ್ದ ವೇಷವನ್ನು ಕರಿಯನೇ ಹಾಕಬೇಕು. ಆ ವೇಷದ ಜೊತೆ ಆಡಬೇಕಿದ್ದ ಮಾತಿನ ಧಾಟಿಯೂ ತನಗೆ ಪರಕೀಯವೇ, ಕಲಿತೇ ಆಡಬೇಕಾಯಿತು ಎಂದು ಆತನೇ ಹೇಳಿಕೊಂಡಿದ್ದಾನೆ. ಹೊರದೇಶದಲ್ಲಿರುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ?

1903ರಲ್ಲಿ ಈ ಜೋಡಿಯ ಸಂಗೀತ ನಾಟಕ 'ಇನ್ ಡಹೋಮಿ' ಬ್ರಾಡ್‌ವೇ ಹತ್ತಿತು, ಅಂದರೆ ಟೈಮ್ಸ್ ಸ್ಕ್ವೇರ್ ಸುತ್ತಲಿನ ದೊಡ್ಡ ರಂಗಮಂದಿರಗಳ ಬೀದಿಗೆ ಬಂತು. ಬರೆದವರು, ಆಡಿದವರು ಕಪ್ಪು ಜನರೇ. ಅದೇ ವರ್ಷ ಲಂಡನ್‌ಗೆ ಹೋಗಿ ಬಕಿಂಗ್‌ಹ್ಯಾಮ್ ಅರಮನೆಯಲ್ಲೂ ಆಡಿದರು. ವಾಕರ್ ಕಾಯಿಲೆ ಬಿದ್ದು 1911ರಲ್ಲಿ ತೀರಿಕೊಂಡ. ಅದಕ್ಕೆ ಮೊದಲೇ, 1910ರಲ್ಲಿ, ಬರ್ಟ್ ಜೀಗ್‌ಫೆಲ್ಡ್ ಫಾಲೀಸ್ ಸೇರಿದ್ದ. ಬಿಳಿಯರ ಆ ದೊಡ್ಡ ಪ್ರದರ್ಶನದಲ್ಲಿ ಮುಖ್ಯ ಕಲಾವಿದರ ಸಾಲಿನಲ್ಲಿ ನಿಂತ ಮೊದಲ ಕರಿಯ ಆತ.

ನನಗೆ ಹುಚ್ಚು ಹಿಡಿಸಿದ್ದು ಆತನ ಇಸ್ಪೀಟಾಟದ ಮೂಕಾಭಿನಯ. ಎಲೆ ಇಲ್ಲ, ಎದುರಾಳಿಗಳಿಲ್ಲ, ಮಾತೂ ಇಲ್ಲ. ಹಂಚುತ್ತಾನೆ, ತನ್ನ ಎಲೆ ನೋಡಿ ಒಳಗೇ ಹಿಗ್ಗುತ್ತಾನೆ, ಪಣ ಏರಿಸುತ್ತಾನೆ, ಸೋಲುತ್ತಾನೆ. ಮಸಿಯಡಿಯಿಂದಲೂ ಆ ಹುಬ್ಬು, ಕಣ್ಣು, ಬೆರಳು ಎಲ್ಲವನ್ನೂ ಹೇಳಿಬಿಡುತ್ತವೆ. ಇಷ್ಟು ಬಲ್ಲವನಿಗೆ ಮಸಿಯ ಅಗತ್ಯವೇ ಇರಲಿಲ್ಲ. ಬೇಕಾಗಿದ್ದದ್ದು ಟಿಕೆಟ್ ಕೊಂಡವರಿಗೆ.

ರಂಗದ ಮೇಲೆ ಚಪ್ಪಾಳೆ, ಆದರೆ ಊರೂರು ತಿರುಗುವಾಗ ಒಳ್ಳೆ ಹೋಟೆಲುಗಳಲ್ಲಿ ಅವಮಾನ. ಕರಿಯನಾಗಿರುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಕಾಣಲಿಲ್ಲ, ಅಮೆರಿಕದಲ್ಲಿ ಮಾತ್ರ ಅದು ಅನನುಕೂಲ ಎಂದು 1918ರಲ್ಲಿ ಬರೆದ. ಬೈಗುಳವೇ ಇಲ್ಲದೆ ಕೊಟ್ಟ ಏಟು!

1922ರ ಫೆಬ್ರವರಿಯಲ್ಲಿ, ಡೆಟ್ರಾಯಿಟ್‌ನಲ್ಲಿ, ರಂಗದ ಮೇಲೇ ಕುಸಿದ. ಜನ ಅದೂ ಹಾಸ್ಯವೆಂದು ನಕ್ಕರಂತೆ. ಮಾರ್ಚ್ 4ರಂದು ತೀರಿಕೊಂಡಾಗ ವಯಸ್ಸು 47. ಸಮಾಧಿ ಬ್ರಾಂಕ್ಸ್‌ನ ವುಡ್‌ಲಾನ್‌ನಲ್ಲಿದೆ. ಇಸ್ಪೀಟಾಟ ನೋಡಬೇಕೆಂದರೆ 1916ರ ಮೂಕಿಚಿತ್ರ 'ಎ ನ್ಯಾಚುರಲ್ ಬಾರ್ನ್ ಗ್ಯಾಂಬ್ಲರ್' ಹುಡುಕಿ. ಕೊನೆಯ ಜೈಲಿನ ದೃಶ್ಯ ತಪ್ಪಿಸಬೇಡಿ.