ಕ್ಲೀವ್‌ಲ್ಯಾಂಡಿನ ಹಳದಿ ಮನೆ ಮತ್ತು ನಮ್ಮ ಬೇಕಲ

ಅಮೆರಿಕದಿಂದ ವಾಪಸು ಬಂದ ಮೇಲೆ ನೀರ್ಚಾಲು ಪೇಟೆಯಲ್ಲಿ ಸಿಕ್ಕಿದವರೆಲ್ಲ ಕೇಳಿದ್ದು ಒಂದೇ. "ನಯಾಗರ ನೋಡಿದ್ರಾ ಟೀಚರೇ?" ನೋಡಿದೆ. ಬಹಳ ಚೆನ್ನಾಗಿದೆ. ಆದರೆ ಇವತ್ತು ಬರೆಯಬೇಕು ಅಂತ ಕೂತಿರುವುದು ಒಂದು ಮನೆಯ ಬಗ್ಗೆ. ಕ್ಲೀವ್‌ಲ್ಯಾಂಡಿನ ಟ್ರೀಮಾಂಟ್ ಎನ್ನುವ ಬಡಾವಣೆಯಲ್ಲಿರುವ ಹಳದಿ ಬಣ್ಣದ ಮರದ ಮನೆ.

ನನ್ನ ತಂಗಿಯ ಸಂಸಾರ ಇರುವುದು ಓಹಿಯೋ ರಾಜ್ಯದಲ್ಲಿ. ನಮ್ಮ ಶಾಲೆಗೆ ಏಪ್ರಿಲ್, ಮೇ ರಜೆ. ಹಾಗಾಗಿ ನಾನು ಹೋದದ್ದು ಮೇ ತಿಂಗಳಲ್ಲಿ. ತಂಗಿಯ ಮಗಳು ಮೊದಲ ದಿನವೇ ಹೇಳಿಬಿಟ್ಟಳು, "ದೊಡ್ಡಮ್ಮ, ನಿಮಗೆ ರಾಲ್ಫಿ ಮನೆ ತೋರಿಸ್ಲೇಬೇಕು." ರಾಲ್ಫಿ ಯಾರು ಅಂತ ನನಗೆ ಗೊತ್ತಿರಲಿಲ್ಲ. ಅವತ್ತು ರಾತ್ರಿ ಸಿನಿಮಾ ಹಾಕಿದಳು.

'ಎ ಕ್ರಿಸ್‌ಮಸ್ ಸ್ಟೋರಿ'. 1983ರ ಸಿನಿಮಾ. ನಿರ್ದೇಶಕರು ಬಾಬ್ ಕ್ಲಾರ್ಕ್. ಜೀನ್ ಶೆಪರ್ಡ್ ಎಂಬ ಲೇಖಕರು ತಮ್ಮ ಬಾಲ್ಯ ನೆನೆದು ಬರೆದ ಕತೆಗಳಿಂದ ಮಾಡಿದ್ದು. ಕತೆ ಅಂದ್ರೆ ಇಷ್ಟೇ: ಇಂಡಿಯಾನಾ ರಾಜ್ಯದ ಒಂದು ಊರು, ಸಾಧಾರಣ ಸಂಸಾರ. ರಾಲ್ಫಿ ಎಂಬ ಹುಡುಗನಿಗೆ ಕ್ರಿಸ್‌ಮಸ್ಸಿಗೆ ಒಂದು ಆಟದ ಏರ್ ಗನ್ ಬೇಕು. ಅಮ್ಮ, ಟೀಚರು, ಕೊನೆಗೆ ಅಂಗಡಿಯಲ್ಲಿ ಕೂತ ಸಾಂತಾ ಕ್ಲಾಸ್ ಕೂಡ ಬೇಡ ಅನ್ನುತ್ತಾರೆ, ಕಣ್ಣಿಗೆ ಹೊಡೆದುಕೊಳ್ಳುತ್ತೀ ಅಂತ. ದೊಡ್ಡ ಘಟನೆ ಯಾವುದೂ ಇಲ್ಲ. ನೆಲಮಾಳಿಗೆಯ ಒಲೆ ಹೊಗೆ ಉಗುಳುತ್ತದೆ, ಅಪ್ಪ ಬೈಯುತ್ತಾನೆ. ತಮ್ಮ ಊಟ ಮಾಡೋದಿಲ್ಲ. ಹಬ್ಬಕ್ಕೆ ಮಾಡಿಟ್ಟ ಅಡುಗೆಯನ್ನು ಪಕ್ಕದ ಮನೆಯ ನಾಯಿಗಳು ಬಂದು ತಿಂದು ಹೋಗುತ್ತವೆ. ಬಿಡುಗಡೆ ಆದಾಗ ಭಾರೀ ಓಡಿದ ಸಿನಿಮಾ ಏನಲ್ಲ. ಟಿವಿಯಲ್ಲಿ ವರ್ಷ ವರ್ಷ ಬರುತ್ತಾ ಬರುತ್ತಾ ಜನರ ಮನೆಯೊಳಗೆ ಸೇರಿತು. 1997ರಿಂದ ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿನ ಟಿವಿಯಲ್ಲಿ ಇದನ್ನು 24 ಗಂಟೆ ಬಿಡದೆ ಹಾಕುತ್ತಾರೆ.

ಮರುದಿನ ಹೋದೆವು. ಟ್ರೀಮಾಂಟ್ ಶ್ರೀಮಂತರ ಜಾಗ ಅಲ್ಲ. ಕೆಳಗೆ ಕಣಿವೆಯಲ್ಲಿ ಉಕ್ಕಿನ ಕಾರ್ಖಾನೆ ಕಾಣುತ್ತದೆ. ಯುರೋಪಿನಿಂದ ಕೂಲಿಗೆ ಬಂದವರು ಕಟ್ಟಿಕೊಂಡ ಚರ್ಚುಗಳು, ಒಂದರ ಪಕ್ಕ ಒಂದು ಒತ್ತಿಕೊಂಡ ಮರದ ಮನೆಗಳು. ಅದರ ಮಧ್ಯೆ ಈ ಮನೆ. ಹಳದಿ ಗೋಡೆ, ಹಸಿರು ಅಂಚು, ಎದುರಿಗೆ ಸಣ್ಣ ಜಗಲಿ. ಕಿಟಕಿಯಲ್ಲಿ ಹೆಂಗಸಿನ ಕಾಲಿನ ಆಕಾರದ ದೀಪ. ಸಿನಿಮಾದಲ್ಲಿ ಅಪ್ಪನಿಗೆ ಬಹುಮಾನವಾಗಿ ಬರುವ ದೀಪ ಅದು. ಅವನಿಗೆ ಹೆಮ್ಮೆಯೋ ಹೆಮ್ಮೆ, ಬೀದಿಗೆ ಕಾಣುವ ಹಾಗೆ ಇಡುತ್ತಾನೆ. ಅಮ್ಮನಿಗೆ ನಾಚಿಕೆ. ಕೊನೆಗೆ ಅವಳ ಕೈಯಲ್ಲೇ ಅದು ಒಡೆಯುತ್ತದೆ.

ಇನ್ನು ನನ್ನನ್ನು ತುಂಬ ಯೋಚನೆಗೆ ಹಚ್ಚಿದ ವಿಷಯ. ಸಿನಿಮಾದಲ್ಲಿ ನಾವು ನೋಡುವ ಕೋಣೆಗಳು ಆ ಮನೆಯಲ್ಲಿ ಇರಲೇ ಇಲ್ಲ! ಕ್ಲೀವ್‌ಲ್ಯಾಂಡಿನಲ್ಲಿ ಚಿತ್ರಿಸಿದ್ದು ಮನೆಯ ಹೊರಗಿನ ನೋಟ ಮಾತ್ರ. ಒಳಗಿನದ್ದೆಲ್ಲ ಕೆನಡಾದ ಟೊರಾಂಟೊದ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಆಮೇಲೆ 2004ರಲ್ಲಿ ಆ ಮನೆ ಇಬೇ ಎಂಬ ಇಂಟರ್ನೆಟ್ ಮಾರುಕಟ್ಟೆಯಲ್ಲಿ ಮಾರಾಟಕ್ಕೆ ಬಂತು. ಕೊಂಡವರು ಬ್ರಯಾನ್ ಜೋನ್ಸ್, ದೂರದ ಸ್ಯಾನ್ ಡಿಯೇಗೋದವರು. ಅವರಿಗೆ ನೌಕಾಪಡೆಯಲ್ಲಿ ಪೈಲಟ್ ಆಗಬೇಕು ಅಂತ ಆಸೆ ಇತ್ತು, ಕಣ್ಣಿನ ದೃಷ್ಟಿ ಸಾಲದೆ ಅದು ಕೈತಪ್ಪಿತು. ಬೇಜಾರಲ್ಲಿದ್ದ ಮಗನಿಗೆ ಅಪ್ಪ ಅಮ್ಮ ಈ ಕಾಲಿನ ದೀಪವನ್ನು ಮಾಡಿ ಕಳಿಸಿದರಂತೆ. ಅದರಿಂದ ಅವರು ದೀಪ ಮಾಡಿ ಮಾರುವ ವ್ಯಾಪಾರ ಶುರು ಮಾಡಿದರು. ಅದರ ದುಡ್ಡು ಸೇರಿಸಿ 1,50,000 ಡಾಲರಿಗೆ ಮನೆಯನ್ನೇ ತೆಗೆದುಕೊಂಡರು. ಹಿಂದಿನವರು ಅದನ್ನು ಎರಡು ಸಂಸಾರಕ್ಕೆ ಆಗುವ ಹಾಗೆ ಬದಲಾಯಿಸಿದ್ದರು. ಇವರು ಸಿನಿಮಾವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಟೊರಾಂಟೊದ ಸೆಟ್ಟಿನಲ್ಲಿ ಇದ್ದ ಹಾಗೆಯೇ ಒಳಗಿನ ಕೋಣೆಗಳನ್ನು ಕಟ್ಟಿಸಿದರು. 2006ರ ನವೆಂಬರಿನಲ್ಲಿ ಜನರಿಗೆ ತೆರೆದರು.

ಅಂದ್ರೆ ಸಿನಿಮಾಕ್ಕೆ ಸರಿಯಾಗಿ ಮನೆ ಬದಲಾಯಿತು.

ಒಳಗೆ ಹೋದರೆ ಮೊದಲು ಹಜಾರದಲ್ಲಿ ಎಲ್ಲರನ್ನೂ ನಿಲ್ಲಿಸಿ ಗೈಡ್ ಕತೆ ಹೇಳುತ್ತಾರೆ. ಮನೆಯ ಕತೆ, ಚಿತ್ರೀಕರಣದ ಕತೆ. ಆ ವರ್ಷ ಚಿತ್ರೀಕರಣಕ್ಕೆ ಬೇಕಾದಷ್ಟು ಹಿಮವೇ ಬೀಳಲಿಲ್ಲವಂತೆ. ಬೆಂಕಿ ನಂದಿಸುವ ನೊರೆ ತಂದು ಬೀದಿಗೆಲ್ಲ ಹಾಕಿದರಂತೆ. ಅದಾದ ಮೇಲೆ ಎಲ್ಲಿ ಬೇಕಾದರೂ ಹೋಗಿ, ಏನು ಬೇಕಾದರೂ ಮುಟ್ಟಿ ಅಂದರು. ನಾನು ಎಷ್ಟೋ ಮ್ಯೂಸಿಯಂ ನೋಡಿದ್ದೇನೆ, ಮಕ್ಕಳನ್ನು ಕರಕೊಂಡು ಹೋಗಿದ್ದೇನೆ. ಎಲ್ಲ ಕಡೆ "ಮುಟ್ಟಬಾರದು" ಬೋರ್ಡು. ಇಲ್ಲಿ ಸೋಫಾದ ಮೇಲೆ ಕೂರಬಹುದು. ಹಳೇ ಫೋನು ಎತ್ತಬಹುದು. ಮೇ ತಿಂಗಳ ಬಿಸಿಲಿನಲ್ಲೂ ಅಲಂಕಾರ ಮಾಡಿದ ಕ್ರಿಸ್‌ಮಸ್ ಮರ ಹಾಗೇ ನಿಂತಿತ್ತು.

ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ಒಂದು ಸಣ್ಣ ಕಪಾಟು ಉಂಟು. ಸಿನಿಮಾದಲ್ಲಿ ಅಣ್ಣ ಜಗಳ ಮಾಡಿ ಬಂದ ದಿನ, ಅಪ್ಪ ಬಂದರೆ ಏನು ಗತಿಯೋ ಅಂತ ಹೆದರಿ ತಮ್ಮ ಅದರೊಳಗೆ ಅಡಗಿ ಅಳುತ್ತಾನೆ. ಅಮ್ಮ ಬಾಗಿಲು ತೆಗೆದು ನೋಡುತ್ತಾಳೆ. ಬೈಯುವುದಿಲ್ಲ. ಒಂದು ಲೋಟ ಹಾಲು ಕೊಟ್ಟು, ಮತ್ತೆ ಬಾಗಿಲು ಹಾಕುತ್ತಾಳೆ. ತಂಗಿಯ ಮಗಳು ಸರಕ್ಕನೆ ಅದರೊಳಗೆ ನುಸುಳಿದಳು. ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಳು. ಬಾಗಿಲಿನ ಕೆಳಗಿನ ಅಂಚು ನೋಡಿದೆ. ಮಕ್ಕಳ ಬೂಟು ತಾಗಿ ತಾಗಿ ಬಣ್ಣ ಸವೆದು ಮರ ಕಾಣುತ್ತಿತ್ತು. ಹಿಂದೆ ಇನ್ನೊಂದಿಬ್ಬರು ಮಕ್ಕಳು ಕಾಯುತ್ತಿದ್ದರು. ಒಬ್ಬ ಅಜ್ಜ ಮೊಮ್ಮಗನಿಗೆ ಆ ಸೀನನ್ನು ವಿವರಿಸುತ್ತಿದ್ದರು, ಹೇಳುತ್ತಾ ಹೇಳುತ್ತಾ ಅವರ ಗಂಟಲೇ ಕಟ್ಟಿತು. ನಾನು ಆ ಸಿನಿಮಾ ನೋಡಿ ಒಂದು ದಿನ ಆಗಿತ್ತಷ್ಟೆ. ಆದರೂ ಆ ಕಪಾಟಿನ ಎದುರು ನಿಂತು ನನಗೆ ಕಣ್ಣು ತುಂಬಿ ಬಂತು.

ಮಹಡಿಯ ಮೇಲೆ ಬಾತ್‌ರೂಮು. ಅಲ್ಲಿ ಸೋಪು. ಬಾಯಲ್ಲಿ ಕೆಟ್ಟ ಮಾತು ಬಂತು ಅಂತ ಅಮ್ಮ ರಾಲ್ಫಿಯ ಬಾಯಿಗೆ ಕೆಂಪು ಲೈಫ್‌ಬಾಯ್ ಸೋಪು ತುರುಕುತ್ತಾಳೆ. ಹೌದು, ನಮ್ಮ ಲೈಫ್‌ಬಾಯ್!

ಬೀದಿಯ ಆಚೆ ಬದಿಗೆ ಮ್ಯೂಸಿಯಂ ಇದೆ. ಚಿತ್ರೀಕರಣದಲ್ಲಿ ಬಳಸಿದ ಬಟ್ಟೆ, ಆಟಿಕೆಗಳು, ತಮ್ಮನಿಗೆ ತೊಡಿಸಿದ ದಪ್ಪ ಕೋಟು. ಅಂಗಡಿಯಲ್ಲಿ ಕಾಲಿನ ದೀಪ ಎಲ್ಲ ಸೈಜಿನಲ್ಲೂ ಸಿಗುತ್ತದೆ. ನಾನು ಕೊಳ್ಳಲಿಲ್ಲ.

ಜುಲೈಯಲ್ಲಿ ಅವರಿಗೆ ರಜೆ, ತಂಗಿ ಮಗಳನ್ನು ಕರಕೊಂಡು ಊರಿಗೆ ಬಂದಳು. ಆಟಿ ತಿಂಗಳ ಮಳೆ ನಿಮಗೆ ಗೊತ್ತಲ್ಲ. ಹೊರಗೆ ಹೋಗುವ ಹಾಗಿಲ್ಲ, ಕರೆಂಟು ಯಾವಾಗ ಹೋಗುತ್ತದೋ ಹೇಳುವ ಹಾಗಿಲ್ಲ. ಒಂದು ಸಂಜೆ ಚಾವಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಅಮ್ಮನಿಗೂ ಆ ಸಿನಿಮಾ ತೋರಿಸಿದೆವು. ಹಲಸಿನ ಹಪ್ಪಳ ಸುಟ್ಟು ತಂದಿಟ್ಟಿದ್ದೆ. ಅಮ್ಮನಿಗೆ ಇಂಗ್ಲಿಷು ಬರುವುದಿಲ್ಲ. ಮೊಮ್ಮಗಳು ಪಕ್ಕದಲ್ಲಿ ಕೂತು ತನಗೆ ಬರುವ ಕನ್ನಡದಲ್ಲಿ ಹೇಳುತ್ತಾ ಹೋದಳು. "ಅಜ್ಜಿ, ಈಗ ಅವನಿಗೆ ಪೆಟ್ಟು ಸಿಗ್ತದೆ, ನೋಡಿ." ಸೋಪಿನ ದೃಶ್ಯ ಬಂದಾಗ ಅಮ್ಮ ಹಪ್ಪಳ ಕೆಳಗಿಟ್ಟರು. "ಇದು ನಮ್ಮ ಬಚ್ಚಲಲ್ಲಿ ಇದ್ದ ಸೋಪಲ್ವಾ ಮಾರಾಯ್ತಿ?" ಅಮ್ಮನ ತವರಿನಲ್ಲಿ ಹಂಡೆಯ ಪಕ್ಕದ ಕಲ್ಲಿನ ಮೇಲೆ ಇಡುತ್ತಿದ್ದದ್ದು ಅದೇ. ತೋಟದ ಕೆಲಸ ಮುಗಿಸಿ ಬಂದವರಿಗೆ ಅದನ್ನು ನೂಲಿನಲ್ಲಿ ಎರಡು ತುಂಡು ಮಾಡಿ ಕೊಡುತ್ತಿದ್ದರಂತೆ. ಆ ನೂಲಿನ ವಿಷಯ ಅಮ್ಮ ನನಗೆ ಯಾವತ್ತೂ ಹೇಳಿರಲಿಲ್ಲ. ಆಮೇಲೆ ಅರ್ಧ ಗಂಟೆ ಸಿನಿಮಾ ನಿಂತಿತು. ಅಮ್ಮ ಆ ಮನೆಯ ಒಂದೊಂದೇ ಕೋಣೆ ವಿವರಿಸಿದರು. ಭತ್ತದ ಕಣಜ ಎಲ್ಲಿತ್ತು, ಅಟ್ಟಕ್ಕೆ ಏಣಿ ಯಾವ ಕಡೆಯಿಂದ, ಬಾಣಂತಿ ಕೋಣೆಯ ಕಿಟಕಿ ಎಷ್ಟು ಸಣ್ಣದು. ಆ ಮನೆ ಈಗ ಇಲ್ಲ. ಮೊಮ್ಮಗಳು ಪೇಪರು ತಂದು ಅಜ್ಜಿ ಹೇಳಿದ ಹಾಗೆ ನಕ್ಷೆ ಬರೆದಳು.

ಅದೇ ವಾರ ಮಳೆ ಸ್ವಲ್ಪ ಬಿಟ್ಟ ದಿನ ನಮ್ಮ ಕಾಸರಗೋಡಿನ ಕಡಲ ಬದಿಯ ಬೇಕಲ ಕೋಟೆಗೆ ಹೋದೆವು.

ಬೇಕಲಕ್ಕೆ ಬರುವ ಹೆಚ್ಚಿನವರು ಬರುವುದು ಒಂದು ಸಿನಿಮಾ ಹಾಡಿಗಾಗಿ. 1995ರ 'ಬಾಂಬೆ' ಸಿನಿಮಾದಲ್ಲಿ ಅರವಿಂದ ಸ್ವಾಮಿ ಕಾಯುತ್ತಾ ನಿಲ್ಲುವ, ಮನೀಷಾ ಕೊಯಿರಾಲ ಓಡಿ ಬರುವ ಆ ಹಾಡು. ರೆಹಮಾನ್ ಸಂಗೀತ, ಮಳೆ, ಕಪ್ಪು ಕಲ್ಲು, ಕೆಳಗೆ ಅಲೆ. ನನಗೂ ಆ ಹಾಡು ಅಂದ್ರೆ ಪ್ರಾಣ. ಮಣಿರತ್ನಂ ಮತ್ತು ಕ್ಯಾಮೆರಾ ಹಿಡಿದ ರಾಜೀವ್ ಮೆನನ್ ನಮ್ಮ ಸಮುದ್ರವನ್ನು ಎಷ್ಟು ಚಂದ ತೋರಿಸಿದ್ದಾರೆ ಅಂತ ಈಗಲೂ ಅನಿಸುತ್ತದೆ. ಅವತ್ತು ಕೂಡ ಸಮುದ್ರದ ಕಡೆಯ ಬುರುಜಿನ ಹತ್ತಿರ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಅದೇ ಥರ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಂತೋಷವೇ ಆಯ್ತು.

ತಂಗಿಯ ಮಗಳು ಸುತ್ತ ನೋಡಿ ಕೇಳಿದಳು, "ದೊಡ್ಡಮ್ಮ, ಇಲ್ಲಿ ಕತೆ ಹೇಳುವವರು ಎಲ್ಲಿದ್ದಾರೆ?"

ಅವತ್ತು ಅಲ್ಲಿ ಯಾರೂ ಇರಲಿಲ್ಲ. ನಾನೇ ಹೇಳಿದೆ. ಇದನ್ನು ಕಟ್ಟಿಸಿದ್ದು 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ. ಇಕ್ಕೇರಿ ಕಡೆಯಿಂದ ಘಟ್ಟ ಇಳಿದು ಬಂದ ಕನ್ನಡದ ಅರಸರು ಈ ಕರಾವಳಿಯಲ್ಲಿ ಕಟ್ಟಿಸಿದ ಕೋಟೆಗಳಲ್ಲಿ ದೊಡ್ಡದು ಇದೇ. 40 ಎಕರೆ. ಇವತ್ತಿನ ಕೇರಳದಲ್ಲಿಯೇ ಇಷ್ಟು ದೊಡ್ಡ ಕೋಟೆ ಬೇರೆ ಇಲ್ಲ. ಕೆಳದಿಯವರಿಂದ ಹೈದರನ ಕೈಗೆ, ಆಮೇಲೆ ಟಿಪ್ಪುವಿಗೆ, 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿ ಸರಕಾರಕ್ಕೆ. ಆಗ ಬೇಕಲ ಅಂತಲೇ ಒಂದು ತಾಲೂಕು ಇತ್ತು, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು. 1956ರ ನವೆಂಬರ್ 1ಕ್ಕೆ ನಾವೆಲ್ಲ ಕೇರಳಕ್ಕೆ ಸೇರಿದೆವು. ಬಾಗಿಲ ಹತ್ತಿರದ ಆಂಜನೇಯನ ಗುಡಿ ತೋರಿಸಿದೆ. ನೀರಿನ ಕೆರೆಗೆ ಇಳಿಯುವ ಮೆಟ್ಟಿಲು, ಮದ್ದುಗುಂಡಿನ ಮನೆ, ಮೇಲಿನ ಕಾವಲು ಬುರುಜು. ಗೋಡೆಯಲ್ಲಿ ತೋಪಿಗೆ ಬಿಟ್ಟ ಕಿಂಡಿಗಳನ್ನು ತೋರಿಸಿದಾಗ ಅವಳು ಒಂದೊಂದರೊಳಗೂ ಕಣ್ಣಿಟ್ಟು ಸಮುದ್ರ ನೋಡಿದಳು. ಕೇಳುತ್ತಾ ಕೇಳುತ್ತಾ ಪಕ್ಕದಲ್ಲಿದ್ದ ಎರಡು ಸಂಸಾರದವರು ನಮ್ಮ ಜೊತೆಗೇ ನಡೆಯತೊಡಗಿದರು. ಒಬ್ಬರು ಹುಬ್ಬಳ್ಳಿಯವರು. "ಇದು ನಮ್ಮ ಕೆಳದಿಯವರದ್ದಾ ಮೇಡಂ? ಗೊತ್ತೇ ಇರಲಿಲ್ಲ ನೋಡ್ರಿ," ಅಂದರು. ಅವರು ಕಾಂಞಂಗಾಡಿನಲ್ಲಿ ಉಳಿದುಕೊಂಡಿದ್ದರು. ಅಲ್ಲಿನ ಹೊಸದುರ್ಗದ ಕೋಟೆ ಕೂಡ ಕೆಳದಿಯವರದ್ದೇ ಅಂದಾಗ ಅವರ ಹೆಂಡತಿ ಅಲ್ಲೇ ನಿಂತು ಮಗನಿಗೆ ಫೋನು ಮಾಡಿ ಹೇಳಿದರು.

ಕ್ಲೀವ್‌ಲ್ಯಾಂಡಿನ ಆ ಮನೆ ನೆನಪಾಯಿತು. ಅಲ್ಲಿ ನಡೆದದ್ದು ಕೆಲವು ವಾರಗಳ ಚಿತ್ರೀಕರಣ, ಅದೂ ಬಾಗಿಲ ಹೊರಗೆ. ಅಷ್ಟಕ್ಕೇ ಅವರು ದಿನವೂ ಬಂದವರಿಗೆಲ್ಲ ಪ್ರೀತಿಯಿಂದ ಕತೆ ಹೇಳಿ ಒಳಗೆ ಕರೆಯುತ್ತಾರೆ. ಸಿನಿಮಾದ ಶಾಲೆ ಕೂಡ ಆ ಊರಿನದ್ದಲ್ಲ. ಗಡಿ ದಾಟಿ ಕೆನಡಾದ ಸೇಂಟ್ ಕ್ಯಾಥರಿನ್ಸ್‌ನದ್ದು, ನಯಾಗರದ ಹತ್ತಿರವೇ. ನಮಗೂ ಹಾಗೇ ಆಯ್ತಲ್ಲ. 2018ರಲ್ಲಿ ರಿಷಬ್ ಶೆಟ್ಟಿ ನಮ್ಮ ಕಾಸರಗೋಡಿನ ಕನ್ನಡ ಶಾಲೆಯ ಕತೆಯನ್ನು ಸಿನಿಮಾ ಮಾಡಿದರು. ಚಿತ್ರೀಕರಣಕ್ಕೆ ಬಳಸಿದ್ದು ಗಡಿಯ ಆಚೆ ದಕ್ಷಿಣ ಕನ್ನಡದ ಕೈರಂಗಳದ ಸರಕಾರಿ ಶಾಲೆಯನ್ನು. ನಮ್ಮ ಎಂಟನೇ ಕ್ಲಾಸಿನ ಮಕ್ಕಳು ಆ ಸಿನಿಮಾದ ಮಾತುಗಳನ್ನೆಲ್ಲ ಬಾಯಿಪಾಠ ಹೇಳುತ್ತಾರೆ. ಕೈರಂಗಳಕ್ಕೆ ಹೋಗೋಣ ಟೀಚರೇ ಅಂತ ಪೀಡಿಸುತ್ತಾರೆ. ಹೋಗಬೇಕು. ಆದರೆ ಮೊದಲು ಬೇಕಲಕ್ಕೆ.

ಈ ಮಕ್ಕಳು ಮನೆಯಲ್ಲಿ ತುಳು, ಹವ್ಯಕ, ಮಲಯಾಳ, ಮರಾಟಿ ಎಲ್ಲ ಮಾತಾಡುವವರು. ಕಲಿಯುವುದು ಕನ್ನಡದಲ್ಲಿ. ಕೋಟೆಯ ಕತೆಯನ್ನು ಅವರು ತಮ್ಮ ಬಾಯಿಂದಲೇ ಹೇಳಬೇಕು ಅನ್ನೋದು ನನ್ನ ಆಸೆ. ಒಬ್ಬಳು ಬಾಗಿಲ ಹತ್ತಿರ ನಿಂತು ಶಿವಪ್ಪ ನಾಯಕನ ಕತೆ, ಒಬ್ಬ ಕೆರೆಯ ಹತ್ತಿರ ನಿಂತು ನೀರಿನ ಕತೆ, ಇನ್ನೊಬ್ಬ ಬುರುಜಿನ ಮೇಲೆ ನಿಂತು ಹೈದರ್, ಟಿಪ್ಪು. ಸಮುದ್ರದ ಕಡೆ ನಿಲ್ಲುವವಳು ಆ ಹಾಡು ಹೇಗೆ ಚಿತ್ರೀಕರಣ ಆಯ್ತು ಅಂತಲೂ ಹೇಳಲಿ, ಅದೂ ಈಗ ಕೋಟೆಯ ಕತೆಯೇ ಅಲ್ವಾ. ಪಾಠದ ಹಾಗೆ ಒಪ್ಪಿಸುವುದು ಬೇಡ. ಕಲ್ಲು ಮುಟ್ಟಿ ತೋರಿಸಿ ಹೇಳಲಿ. ಕನ್ನಡದಲ್ಲಿ ಹೇಳಿ, ಕೇಳುವವರು ಮಲಯಾಳದವರಾದರೆ ಮಲಯಾಳದಲ್ಲೂ ಹೇಳಲಿ. ಅವರಿಗೆ ಎರಡೂ ಬರುತ್ತದೆ.

ಮಳೆ ಬಿಟ್ಟ ಮೇಲೆ, ನವೆಂಬರಿನ ಒಂದು ಶನಿವಾರ ಹೋಗುವುದು ಅಂತ ಮಾಡಿದ್ದೇವೆ. 15 ವರ್ಷದ ಒಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ ಇಲ್ಲ. ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯ ಬೇರೆ ಕನ್ನಡ ಶಾಲೆಯ ಟೀಚರುಗಳು ಮಕ್ಕಳನ್ನು ಸೇರಿಸುವುದಾದರೆ ಬಸ್ಸಿಗೆ ಈಗಲೇ ಹೇಳಿಡಬೇಕು. ಬೇಕಲದ ಬಗ್ಗೆ ನಿಮ್ಮ ಮನೆಯ ಹಿರಿಯರು ಹೇಳಿದ ಕತೆ ಇದ್ದರೆ ಅದನ್ನೂ ಬರೆದು ಕಳಿಸಿ, ಬುರುಜಿನ ಮೇಲೆ ನಿಲ್ಲುವ ಹುಡುಗನಿಗೆ ಹೇಳಲು ಇನ್ನೂ ಜಾಸ್ತಿ ಕತೆ ಬೇಕಂತೆ.