ಕಾಣದ ಬಾಗಿಲಿನ ಸದ್ದು: ನಾಲ್ಕನೆಯ ಪ್ರಯತ್ನ

ಧಾರವಾಡದ ನಮ್ಮ ಹವ್ಯಾಸಿ ತಂಡಕ್ಕಾಗಿ ನಾನು ಆರು ವಾರಗಳಿಂದ ಕಟ್ಟುತ್ತಿದ್ದ ಬಾಗಿಲು ನಿನ್ನೆ ರಾತ್ರಿಯ ತಾಲೀಮಿನಲ್ಲಿ ಕೊನೆಗೂ ಬೇಕಾದ ಹಾಗೆ ಸದ್ದು ಮಾಡಿತು. ನಾವು ಆಡಲಿರುವ ನಾಟಕ, ನಾರ್ವೆಯ ಇಬ್ಸೆನ್ನನ ‘ಬೊಂಬೆಮನೆ’, ಕೋಪನ್‌ಹೇಗನ್ನಿನಲ್ಲಿ ಮೊದಲು ರಂಗಕ್ಕೆ ಬಂದದ್ದು 1879ರ ಡಿಸೆಂಬರಿನಲ್ಲಿ. ಕೊನೆಯಲ್ಲಿ ನಾಯಕಿ ನೋರಾ ಮನೆ ಬಿಟ್ಟು ಹೋಗುವಾಗ ಆ ಬಾಗಿಲು ಪ್ರೇಕ್ಷಕರಿಗೆ ಕಾಣುವುದಿಲ್ಲ. ಕೆಳಗಿನಿಂದ ಅದು ಮುಚ್ಚಿದ ಸದ್ದಷ್ಟೇ ಕೇಳಬೇಕು. ಆ ಸದ್ದು ಪೊಳ್ಳಾದರೆ ಮೂರು ಅಂಕಗಳ ದುಡಿಮೆಯೂ ಪೊಳ್ಳಾಗುತ್ತದೆ.

ವೇದಿಕೆಯ ಮೇಲಿನ ಬಾಗಿಲುಗಳ ಕೆಲಸ ಎಂದಿನಂತೆ ಮುಗಿದಿದೆ: ಬಿಜಾಗ್ರಿ ಹಿಂಬದಿಯ ಅಂಚಿಗೆ, ಕದ ಹೊರಗಡೆಗೆ ತೆರೆಯುವಂತೆ. ಆದರೆ ಕ್ಯಾನ್ವಾಸಿನ ಗೋಡೆಗೆ ಕೂಡಿಸಿದ ಪ್ಲೈವುಡ್ ಕದವನ್ನು ಜೋರಾಗಿ ಬಡಿದರೆ ಸದ್ದಿಗಿಂತ ಮೊದಲು ಗೋಡೆಯೇ ನಡುಗುತ್ತದೆ. ಧ್ವನಿಮುದ್ರಣ ಬಳಸಿದಾಗ ಸದ್ದು ಗಟ್ಟಿಯಾಗಿ ಬಂದರೂ ಮೇಲಿನ ಸ್ಪೀಕರಿನಿಂದ ಬಂತು, ಕಿವಿ ಅದನ್ನು ಒಪ್ಪಲಿಲ್ಲ. ಮೂರನೆಯ ಸಲ, ರಂಗದ ಹಿಂದೆ ಇಡಲು ಎರಡಡಿ ಅಗಲ, ಮೂರಡಿ ಎತ್ತರದ ಸಾಗವಾನಿ ಕದವನ್ನು ಪೆಟ್ಟಿಗೆಯಂತಹ ಚೌಕಟ್ಟಿಗೆ ಕೂಡಿಸಿದೆ. ಕಟ್ಟಿಗೆ ಅಡ್ಡೆಯವರು ಚೆನ್ನಾಗಿ ಒಣಗಿದೆ ಎಂದು ಕೊಟ್ಟ ಹಲಗೆ ಹಸಿಯಿತ್ತು. ಎರಡು ವಾರಗಳಲ್ಲಿ ಸೊಟ್ಟಗಾಗಿ ಕದ ಚೌಕಟ್ಟಿನಲ್ಲೇ ಸಿಕ್ಕಿಕೊಂಡಿತು. ಹಣ ಹಿಂದಿರುಗಲಿಲ್ಲ. ಕೊನೆಗೆ ಕೆಡವಿದ ಹಳೆಯ ವಾಡೆಯೊಂದರ ಹಲಗೆ ಹುಡುಕಿ ತಂದೆ.

ಆ ಹಲಗೆಯೂ ‘ಟಕ್’ ಎಂದಿತೇ ಹೊರತು ‘ಧಡ್’ ಎನ್ನಲಿಲ್ಲ. ಭಾರ ಸಾಲದೆಂದು ಕದದ ಹಿಂದೆ ಕಬ್ಬಿಣದ ಪಟ್ಟಿ ಬಿಗಿದೆ. ಬಿಜಾಗ್ರಿಯ ತಿರುಪುಗಳು ಕಿತ್ತವೇ ವಿನಾ ದನಿ ಬದಲಾಗಲಿಲ್ಲ. ಆಗ ಸಹಾಯಕ್ಕೆ ಬಂದ ಹಿರಿಯ ಬಡಿಗರು ಚೌಕಟ್ಟಿನ ಎರಡೂ ಕಾಲುಗಳನ್ನು ಹಿಡಿದು ಅಲುಗಾಡಿಸಿ, “ಸರ, ಕದಾ ಬರೇ ಬಡಿತೈತ್ರಿ, ದನಿ ಕೊಡೂದು ಚೌಕಟ್ಟು. ಇದಕ್ಕ ಹೊಸ್ತಿಲಾನ ಇಲ್ಲಲ್ರಿ” ಎಂದರು. ನಾನು ಹೊಸ ಮನೆಗಳ ಬಾಗಿಲಿನಂತೆ ಮೂರೇ ಬದಿಯ ಚೌಕಟ್ಟು ಮಾಡಿದ್ದೆ. ಕೆಳಗೆ ಬಂಧನವಿಲ್ಲದ ಕಾಲುಗಳು ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ಅಗಲುತ್ತ, ಪೆಟ್ಟಿನ ಶಕ್ತಿಯನ್ನು ಅಲ್ಲೇ ನುಂಗುತ್ತಿದ್ದವು. ನಾಲ್ಕಿಂಚಿನ ಮತ್ತಿ ಮರದ ಹೊಸ್ತಿಲನ್ನು ಕುಸುರು ತೆಗೆದು, ಅಂದರೆ ತುದಿಗಳು ಕಾಲುಗಳೊಳಗೆ ಬಿಗಿಯಾಗಿ ಕೂರುವಂತೆ ಕೊರೆದು, ಕೂಡಿಸಿ, ಇಡೀ ಚೌಕಟ್ಟನ್ನು ದಪ್ಪ ಹಲಗೆಯ ಮೇಲೆ ಬೋಲ್ಟಿನಿಂದ ಬಿಗಿದಾಗ ಸದ್ದು ಮೊದಲ ಬಾರಿಗೆ ನೆಲಕ್ಕಿಳಿಯಿತು.

ಆದರೂ ಕದ ಕೊನೆಯ ಅಂಗುಲದಲ್ಲಿ ಮೆತ್ತಗಾಗುತ್ತಿತ್ತು. ಪೆಟ್ಟಿಗೆಯ ಹಿಂಬದಿ ಮುಚ್ಚಿದ್ದರಿಂದ ಒಳಗೆ ಸಿಕ್ಕ ಗಾಳಿ ದಿಂಬಿನಂತೆ ಕದವನ್ನು ತಡೆಯುತ್ತಿತ್ತು. ಹಿಂದಿನ ಹಲಗೆ ಬಿಚ್ಚಿದ ಮರುಕ್ಷಣವೇ ಫಲ ಕಂಡಿತು. ವಾಡೆಯ ಸರಪಳಿ ಚಿಲಕ ನನಗೆ ಬಹಳ ಪ್ರಿಯವಾಗಿದ್ದರೂ ಅದರ ಝಣತ್ಕಾರ ನಾರ್ವೆಯ ಬಾಡಿಗೆ ಮನೆಗೆ ಹೊಂದುವುದಿಲ್ಲವೆಂದು ತೆಗೆದು, ಒಳಬೀಗ ಹಾಕಿದೆ. ಈಗ ಭಾರವಾದ ಪೆಟ್ಟಿನ ಬೆನ್ನಿಗೇ ಬೀಗದ ನಾಲಿಗೆ ಕಚ್ಚಿಕೊಳ್ಳುವ ಸಣ್ಣ ಸದ್ದು ಕೇಳುತ್ತದೆ. ನೋರಾ ಮರಳುವುದಿಲ್ಲವೆಂದು ಹೇಳುವುದು ಆ ಎರಡನೆಯ ಸದ್ದೇ.

ಮುಂದಿನ ಕೆಲಸ ಆಗಲೇ ಮನಸ್ಸಿನಲ್ಲಿ ಕುಳಿತಿದೆ. ಐತಿಹಾಸಿಕ ನಾಟಕವೊಂದಕ್ಕೆ ಲಕ್ಕುಂಡಿಯ ಕಾಶಿ ವಿಶ್ವೇಶ್ವರ ದೇವಾಲಯದ ದ್ವಾರವನ್ನು ಥರ್ಮಾಕೋಲಿನಲ್ಲಿ ಕೊರೆಯಬೇಕು. ಬಳಪದ ಕಲ್ಲಿನಲ್ಲಿ ಒಂದರೊಳಗೊಂದು ಸರಿಯುವ ಆ ಶಾಖೆಗಳ, ಅಂದರೆ ದ್ವಾರದ ಸುತ್ತಲಿನ ಕೆತ್ತನೆಯ ಪಟ್ಟಿಗಳ, ಆಳ ರಂಗದ ಬೆಳಕಿನಲ್ಲಿ ಚಪ್ಪಟೆಯಾಗದಂತೆ ನೋಡಿಕೊಳ್ಳಬೇಕು. ಅಳತೆಗಾಗಿ ಬರುವ ರವಿವಾರ ಗದಗ ದಾಟಿ ಹೋಗುತ್ತೇನೆ. ಅದಕ್ಕೂ ಮೊದಲು ಇಬ್ಬರೇ ಎತ್ತಲಾಗದ ಈ ಚೌಕಟ್ಟನ್ನು ಬಿಚ್ಚಿ ಜೋಡಿಸುವಂತೆ ಮಾಡಬೇಕು, ಹೊಸ್ತಿಲಿನ ಬಿಗಿ ಮಾತ್ರ ಸಡಿಲಾಗಬಾರದು.